ಮಂಗಳವಾರ ಮಳಿ ಇಲ್ಲ

ಸಿಂದಗಿಯ ಸಿದ್ದಲಿಂಗವ್ವನ ಮನೆಯಲ್ಲಿ ಪ್ರತಿ ಬೇಸಿಗೆಗೂ ಕುರಡಗಿ ಆಗುತ್ತದೆ. ಆಗಲೇಬೇಕು. ಗೋಧಿಯನ್ನು ಮೂರು ದಿನ ನೆನೆಯಿಟ್ಟು, ದಿನಾ ನೀರು ಬದಲಿಸಿ, ಅರೆದು, ಹಾಲು ಹಿಂಡಿ, ಆ ಹಾಲನ್ನು ಒಲೆಯ ಮೇಲೆ ತೋಳು ಬಿದ್ದುಹೋಗುವವರೆಗೆ ತಿರುವಿ, ಬಿಸಿಯಿರುವಾಗಲೇ ಶಾವಿಗೆಯ ಒತ್ತಿನಲ್ಲಿ ತುಂಬಿ, ಮಾಳಿಗೆಯ ಮೇಲೆ ಹಾಸಿದ ಹಳೆಯ ಸೀರೆಗೆ ಒತ್ತಿದರೆ ಗುಬ್ಬಿ ಗೂಡಿನಂಥ ಬಿಳಿ ಸುರುಳಿಗಳು ಬೀಳುತ್ತವೆ. ಎರಡು ದಿನ ಖಡಕ್ ಬಿಸಿಲು ತಿಂದರೆ ಅದು ಕುರಡಗಿ, ಕರಿದು ತಿನ್ನುವ ಗೋಧಿ ಸಂಡಿಗೆ. ನಡುವೆ ಹತ್ತು ಹನಿ ಮಳೆ ಬಿದ್ದರೆ ಗೋಡೆಗೆ ಜಾಹೀರಾತು ಹಚ್ಚುವ ಗಂಜಿ.

ಈ ಕುರಡಗಿಯಲ್ಲಿ ಮುಕ್ಕಾಲು ಪಾಲು ಊರು ಬಿಟ್ಟು ಹೋಗುತ್ತದೆ. ಸಿದ್ದಲಿಂಗವ್ವನಿಗೆ ಮೂವರು ಹೆಣ್ಣುಮಕ್ಕಳು. ಹಿರಿಯವಳು ಕಾವೇರಿ ಇಂಡಿಯಲ್ಲಿ, ನಡುವಿನವಳು ದಾನಮ್ಮ ಮುದ್ದೇಬಿಹಾಳದಲ್ಲಿ, ಕಿರಿಯವಳು ನೀಲಗಂಗಾ ಬಸವನ ಬಾಗೇವಾಡಿಯಲ್ಲಿ. ತವರಿನಿಂದ ಕುರಡಗಿ ಡಬ್ಬಿ ಬಂದು ತಲುಪುವವರೆಗೆ ಮೂವರಿಗೂ ಬೇಸಿಗೆ ಬಂದಂತೆ ಅನ್ನಿಸುವುದಿಲ್ಲ. ಡಬ್ಬಿ ಬಂದ ಮೇಲೆ ಮೂವರೂ ಫೋನಿನಲ್ಲಿ ಕೂಡಿಕೊಂಡು, ಹೋದ ವರ್ಷದ್ದು ಹೇಗಿತ್ತು, ಈ ವರ್ಷದ್ದು ಹೇಗಿದೆ, ಎಣ್ಣೆಯಲ್ಲಿ ಎಷ್ಟು ಅರಳಿತು ಎಂದು ಒಂದು ತಾಸು ತೀರ್ಪು ಕೊಡುತ್ತಾರೆ.

ಈ ವರ್ಷ ಸಿದ್ದಲಿಂಗವ್ವ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಕೈಗೆ ಪ್ಲಾಸ್ಟರ್ ಬಿತ್ತು, ಒತ್ತು ಸೊಸೆಯ ಕೈಗೆ ಬಂತು.

ಸೊಸೆ ಸುವರ್ಣಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮದುವೆಯಾಗಿ ಒಂಬತ್ತು ವರ್ಷ. ಇಷ್ಟು ವರ್ಷ ಅವಳ ಕುರಡಗಿ ಕೆಲಸವೆಂದರೆ ಸೀರೆಯ ತುದಿ ಹಿಡಿಯುವುದು ಮತ್ತು ಕಾಗೆ ಓಡಿಸುವುದು. ಅತ್ತೆಯ ಕೈ ಮುರಿದ ಸುದ್ದಿ ತಿಳಿದು ಕಾವೇರಿ ಫೋನು ಮಾಡಿದ್ದಳು. ಕೈ ಹೇಗಿದೆ ಎಂದು ಕೇಳಿ, ಬಹಳ ಮೆತ್ತಗಿನ ದನಿಯಲ್ಲಿ ಹೇಳಿದ್ದಳು: "ಈ ಸಲ ಕುರಡಗಿ ಬಾಜಾರದಾಗಿಂದ ತಂದ ಕಳಿಸ್ರಿ. ಪಾಪ, ಸುವರ್ಣಾಗ ಯಾಕ ತ್ರಾಸ."

ಆ 'ಪಾಪ' ಎಂಬ ಮಾತು ಸುವರ್ಣಾಳ ಎದೆಯಲ್ಲಿ ಜಾಲಿ ಮುಳ್ಳಿನಂತೆ ನಟ್ಟುಕೊಂಡಿತು. ಏನಾದರಾಗಲಿ, ಈ ವರ್ಷದ ಕುರಡಗಿ ತನ್ನ ಕೈಯಿಂದಲೇ ಹೋಗಬೇಕು, ಮೂವರು ನಾದಿನಿಯರ ಎಣ್ಣೆಯಲ್ಲೂ ಅರಳಬೇಕು ಎಂದು ಅವಳು ನಿರ್ಧರಿಸಿದಳು.

ಅಡ್ಡಿ ಒಂದೇ, ದಿನ. ಬುಧವಾರದಿಂದ ಎರಡು ವಾರ ಅವಳಿಗೆ ವಿಜಯಪುರದಲ್ಲಿ ಬಿಡುವಿಲ್ಲದ ಉತ್ತರಪತ್ರಿಕೆ ತಿದ್ದುವ ಕೆಲಸ. ಅದಕ್ಕೆ ಮುಂಚೆ, ಗೋಧಿ ನೆನೆಯಲು ಸಾಲದ ಭಾನುವಾರ ಬಿಟ್ಟರೆ, ಸಿಕ್ಕುವ ರಜೆ ಮಂಗಳವಾರ ಒಂದೇ. ಮಂಗಳವಾರ ಒತ್ತಬೇಕೆಂದರೆ ಗೋಧಿ ಶುಕ್ರವಾರವೇ ನೀರಿಗೆ ಬೀಳಬೇಕು. ಒಮ್ಮೆ ನೀರಿಗೆ ಬಿದ್ದ ಗೋಧಿ ಯಾರ ಮಾತೂ ಕೇಳುವುದಿಲ್ಲ. ಮಂಗಳವಾರಕ್ಕೆ ಹದಕ್ಕೆ ಬಂದದ್ದು ಗುರುವಾರಕ್ಕೆ ಓಣಿಯ ನಾಯಿಗಳೂ ಮುಖ ತಿರುಗಿಸುವಷ್ಟು ನಾರುತ್ತದೆ.

ಶುಕ್ರವಾರ ಸಂಜೆ ಗೋಧಿಗೆ ನೀರು ಹಾಕುತ್ತಿದ್ದಾಗ ಸಿದ್ದಲಿಂಗವ್ವ ಬಾಗಿಲಲ್ಲಿ ನಿಂತಳು.

"ಮಂಗಳಾರ ಯಾಕ? ಅಡ್ಡಮಳಿ ದಿನಾ ಇವು. ಮುಂದಿನ ವಾರ ಮುಗಲ ನೋಡಿ ಮಾಡಿದ್ರಾತು."

ತನಗೆ ಅಂದು ಮಾತ್ರ ರಜೆ ಎಂದು ಹೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಆಕಾಶ ನೋಡದೆ ರಜೆ ನೋಡಿ ಕುರಡಗಿ ಒತ್ತುತ್ತಾಳೆ ಎಂದು ಮೂರೂ ಊರಿಗೆ ಗೊತ್ತಾಗುತ್ತಿತ್ತು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಹಟ ಹಿಡಿದು ಜಗ್ಗುತ್ತಿದ್ದ ಆರು ವರ್ಷದ ಮಗಳು. ಸುವರ್ಣಾ ತಲೆ ಎತ್ತದೆ ಹೇಳಿಬಿಟ್ಟಳು:

"ಮಂಗಳಾರ ಮಳಿ ಇಲ್ರಿ ಅತ್ಯಾರ. ತಜ್ಞರು ಹೇಳ್ಯಾರ."

"ಯಾ ತಜ್ಞರು?"

"ಹವಾಮಾನದವ್ರು, ವಿಜ್ಞಾನದವ್ರು. ಎಲ್ಲಾರೂ ಒಮ್ಮತದಿಂದ ಹೇಳ್ಯಾರ್ರಿ."

ಹೇಳಿದ್ದು ಅಷ್ಟೇ. ಅವಳು ಆಕಾಶವನ್ನಾಗಲಿ ಫೋನನ್ನಾಗಲಿ ನೋಡಿರಲಿಲ್ಲ. ಹವಾಮಾನ ಎಂಬ ಪಾಠವನ್ನು ಎಂಟನೇ ಇಯತ್ತೆಗೆ ಮುಗಿಸಿ ಆರು ತಿಂಗಳಾಗಿತ್ತು.

ಸಿದ್ದಲಿಂಗವ್ವ 'ಹೂಂ' ಎಂದು ಒಳಗೆ ಹೋದಳು. ಅವಳು ಯಾವ ಮಾತನ್ನೂ ಒಂದು ಕಡೆಯಿಂದ ಕೇಳಿ ನಂಬುವ ಹೆಂಗಸಲ್ಲ. ಗ್ಯಾಸ್ ಸಿಲಿಂಡರ್ ತಂದವನು ತುಂಬಿದೆ ಎಂದರೂ ಎತ್ತಿ ನೋಡುವವಳು. ಎಡಗೈಯಿಂದಲೇ ಫೋನು ಒತ್ತಿ ಇಂಡಿಗೆ ಹಚ್ಚಿದಳು. ಸೊಸೆ ಹೇಳಿದಳು ಎಂದರೆ ಮಗಳು ನಗುತ್ತಾಳೆಂದು ಆ ಭಾಗವನ್ನು ಬಿಟ್ಟು ಹೇಳಿದಳು: "ಕಾವೇರಿ, ಇಲ್ಲಿ ಸಿಂದಗ್ಯಾಗ ವಿಜ್ಞಾನದವ್ರು ಮಂಗಳಾರ ಮಳಿ ಇಲ್ಲ ಅಂತ ಹೇಳ್ಯಾರಂತ. ಖರೆ ಏನು? ನಿಮ್ಮ ಕಡೆ ಯಾರನ್ನರೆ ಕೇಳಿ ಹೇಳು."

ಸುವರ್ಣಾ ಇದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಬಚ್ಚಲಲ್ಲಿ ಮಗಳ ತಲೆಗೆ ನೀರು ಹೊಯ್ಯುತ್ತಿದ್ದಳು.

ಶನಿವಾರ ಅವಳ ಮನಸ್ಸು ಕಚ್ಚತೊಡಗಿತು. ಒಮ್ಮೆ ನೋಡಿಯಾದರೂ ನೋಡೋಣ ಎಂದುಕೊಂಡಳು. ಅಷ್ಟರಲ್ಲಿ ಶಾಲೆಯಿಂದ ಅಂಕಪಟ್ಟಿ ತುಂಬಿ ಕಳಿಸಿರಿ ಎಂದು ಬಂತು, ಮಗಳಿಗೆ ಮೂಗು ಸುರಿಯತೊಡಗಿತು, ಗೋಧಿಯ ನೀರು ಬದಲಿಸಬೇಕಾಗಿತ್ತು. ನೋಡುವುದು ಭಾನುವಾರಕ್ಕೆ ಹೋಯಿತು.

ಭಾನುವಾರ ಮಧ್ಯಾಹ್ನ ಮುದ್ದೇಬಿಹಾಳದಿಂದ ದಾನಮ್ಮನ ಫೋನು ಬಂತು. "ಅವ್ವಾ, ನಮ್ಮ ಓಣಿ ಅಯ್ಯಾರನ್ನ ಕೇಳಿದೆ. ಪಂಚಾಂಗ ತಗದ ನೋಡಿ, ಮಂಗಳಾರ ಮಳಿ ಇಲ್ಲ, ನಿಶ್ಚಿಂತ ಇರ್ರಿ ಅಂದ್ರು." ಅರ್ಧ ತಾಸಿಗೆ ಬಾಗೇವಾಡಿಯಿಂದ ನೀಲಗಂಗಾ. ಅವರ ಊರಿನಲ್ಲಿ ಅಶ್ಫಾಕ ಎಂಬುವನು ಬಿ.ಎಸ್ಸಿ. ಓದಿ ಮನೆಯ ಮಾಳಿಗೆಯ ಮೇಲೆ ಗಾಳಿ, ಒತ್ತಡ ಅಳೆಯುವ ಯಂತ್ರ ಇಟ್ಟುಕೊಂಡಿದ್ದಾನೆ, ಪ್ರತಿದಿನ ಮುಂಜಾನೆ ರೈತರ ಫೋನುಗಳಿಗೆ ಹವಾಮಾನ ಕಳಿಸುತ್ತಾನೆ. "ವೈನಿಗೆ ಹೇಳಬೇ ಅವ್ವಾ, ಅಶ್ಫಾಕಣ್ಣನೂ ಹಾಕ್ಯಾನ, ಮಂಗಳಾರ ಮಳಿ ಇಲ್ಲಂತ." ಸಂಜೆ ಇಂಡಿಯಿಂದ ಕಾವೇರಿ. ಅವಳ ಗಂಡನಿಗೆ ದ್ರಾಕ್ಷಿ ಒಣಗಿಸುವ ಶೆಡ್ಡು ಇದೆ. ಇಂಡಿಯಿಂದ ಚಡಚಣದವರೆಗಿನ ಒಣದ್ರಾಕ್ಷಿಯವರೆಲ್ಲ ಇರುವ ಫೋನ್ ಗುಂಪಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದಾರಂತೆ.

ರಾತ್ರಿ ಊಟಕ್ಕೆ ಕೂತಾಗ ಗಂಡ ಸಂಗಮೇಶ ಬಾಯಿ ತೆರೆದ. ಅವನು ಆಲಮೇಲ-ಸಿಂದಗಿ ಬಸ್ಸಿನ ಕಂಡಕ್ಟರ್. "ಇವತ್ತ ಬಸ್ಸಿನಾಗ ಅದೊಂದ ಮಾತು. ಮಂಗಳಾರ ಮಳಿ ಇಲ್ಲಂತ. ಕಬ್ಬಿನವ್ರು, ಜ್ವಾಳದವ್ರು, ಒಬ್ಬ ಡಾಕ್ಟರೂ ಅಂದ."

ಸುವರ್ಣಾಳ ಮೈಯೆಲ್ಲ ಹಗುರಾಯಿತು. ಪಂಚಾಂಗದವರು ಹೇಳಿದ್ದಾರೆ, ಯಂತ್ರದವನು ಹೇಳಿದ್ದಾನೆ, ದ್ರಾಕ್ಷಿಯವರು ಹೇಳಿದ್ದಾರೆ, ಒಂದು ಇಡೀ ಬಸ್ಸು ಹೇಳಿದೆ. ಬೇರೆ ಬೇರೆ ಕಡೆಯಿಂದ ಬೇರೆ ಬೇರೆಯವರು ನೋಡಿ ಒಂದೇ ಉತ್ತರ ತಂದರೆ ಆ ಉತ್ತರವನ್ನು ನಂಬಬೇಕು ಎಂದು ಅವಳೇ ಒಂಬತ್ತನೇ ಇಯತ್ತೆಗೆ ಕಲಿಸಿದ್ದಳು. ತಾನು ಸುಳ್ಳು ಹೇಳಿದ್ದು ನಿಜ. ಆದರೆ ಪುಣ್ಯಕ್ಕೆ ಅದು ಸತ್ಯವೇ ಆಗಿತ್ತು. ಇಂಥ ಅದೃಷ್ಟ ಎಲ್ಲರಿಗೂ ಬರುವುದಿಲ್ಲ ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಮಂಗಳವಾರ ನಸುಕಿನಲ್ಲಿ ಎದ್ದು ಗೋಧಿ ಹಾಲು ಕುದಿಸಿದಳು. ಸಿದ್ದಲಿಂಗವ್ವ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಎಡಗೈಯಿಂದ ಆಜ್ಞೆ ಕೊಡುತ್ತಿದ್ದಳು. ಉಪ್ಪು ಹಾಕು, ಇಂಗು ಹಾಕು, ತಿರುವು, ನಿಲ್ಲಿಸಬೇಡ, ಗಂಟು ಆದರೆ ಕಾವೇರಿ ನಿನ್ನನ್ನೂ ನನ್ನನ್ನೂ ಬಿಡುವುದಿಲ್ಲ. ಮಗಳು ಎದ್ದು ಬಂದು ಬಟ್ಟಲು ಹಿಡಿದು ಬಿಸಿ ಹಿಟ್ಟು ತಿಂದಳು, ಬಾಯಿ ಸುಟ್ಟುಕೊಂಡಳು, ಮತ್ತೂ ತಿಂದಳು. ಎಂಟು ಗಂಟೆಗೆಲ್ಲ ಮಾಳಿಗೆಯ ಮೇಲೆ ಎರಡು ಸೀರೆ ತುಂಬ ಬಿಳಿ ಸುರುಳಿಗಳು. ಮೊದಲ ಸಾಲು ಕುಡಿದವರ ಕೈಬರಹದಂತಿತ್ತು. ಕೊನೆಯ ಸಾಲು ನೋಡಿ ಅತ್ತೆ ಏನೂ ಅನ್ನಲಿಲ್ಲ. ಅನ್ನದಿದ್ದುದೇ ದೊಡ್ಡ ಮಾತು.

ಹನ್ನೆರಡರ ಹೊತ್ತಿಗೆ ಮಾಳಿಂಗ ಬಂದ. ಮನೆಯ ಹಿಂದಿನ ಹೊಲದಲ್ಲಿ ಗೊಬ್ಬರಕ್ಕೆಂದು ಅವನ ಕುರಿ ನಿಲ್ಲಿಸಿ ಎಂಟು ದಿನವಾಗಿತ್ತು. ದಿನಕ್ಕೊಮ್ಮೆ ಇವರ ಮನೆಗೆ ಬಂದು ಕೊಡ ತುಂಬಿಕೊಂಡು, ಫೋನು ಚಾರ್ಜಿಗೆ ಹಾಕಿ ಹೋಗುತ್ತಿದ್ದ. ಮಾಳಿಗೆಯ ಮೇಲೆ ಕಾಗೆ ಕಾಯುತ್ತ ಕೂತಿದ್ದ ಅತ್ತೆ-ಸೊಸೆಯರನ್ನು ಕಂಡು ಮೆಟ್ಟಿಲು ಹತ್ತಿ ಬಂದು, ಸೀರೆಗಳನ್ನು ನೋಡಿ, ಮುಖ ಕಿವುಚಿದ.

"ಅಕ್ಕೋರ, ಇವನ್ನ ಒಳಗ ತಗೋರಿ. ಮಳಿ ಬರ್ತೈತಿ."

ಆಕಾಶ ತೊಳೆದಿಟ್ಟ ಸ್ಟೀಲ್ ಪರಾತದಂತೆ ಹೊಳೆಯುತ್ತಿತ್ತು. ಸುವರ್ಣಾ ನಕ್ಕಳು. "ಮಾಳಿಂಗ ಕಾಕಾ, ಇವತ್ತ ಮಳಿ ಇಲ್ಲ. ನಾಕೂ ಊರಾಗ ಗೊತ್ತಾದವ್ರು ಹೇಳ್ಯಾರ."

"ಹೇಳಿರ್ಬೇಕ್ರಿ. ನನ್ನ ಕುರಿ ಹೇಳವಲ್ಲವು. ಮುಂಜಾನಿಂದ ಬಾಯಿ ಹಚ್ಚಿಲ್ಲ. ಒಂದರ ಹೊಟ್ಟಿ ಕೆಳಗ ಒಂದು ತಲಿ ತುರುಕಿ ನಿಂತಾವ."

"ಬಿಸಲಿಗೆ ಹಂಗ ನಿಲ್ತಾವ, ಕಾಕಾ."

"ಬಿಸಲಿಗೆ ನಿಲ್ಲೂದು ಬ್ಯಾರೆ, ಇದು ಬ್ಯಾರೆ. ಸಾಲ್ಯಾಗ ಹುಡುಗ್ರು ಹೊಟ್ಟಿ ಕಡಿತೈತಿ ಅಂದ್ರ, ಖರೆ ಹೊಟ್ಟಿ ಯಾವುದು, ಗಣಿತದ ಪರೀಕ್ಷಾದ ಹೊಟ್ಟಿ ಯಾವುದು, ನಿಮಗ ಗೊತ್ತಾಗೂದಿಲ್ಲೇನ್ರಿ?"

ಸಿದ್ದಲಿಂಗವ್ವ ಸೊಸೆಯ ಮುಖ ನೋಡಿದಳು. ಸುವರ್ಣಾಳಿಗೆ ಕೆರಳಿತು. ಒಂದು ಕಡೆ ಪಂಚಾಂಗ, ಯಂತ್ರ, ದ್ರಾಕ್ಷಿಯವರ ಅನುಭವ. ಇನ್ನೊಂದು ಕಡೆ ಕುರಿ. ಈ ಮನುಷ್ಯನಿಗೆ ಒಮ್ಮೆ ತಿಳಿಸಿ ಹೇಳಬೇಕು ಎಂದು ಫೋನು ತೆಗೆದಳು. ಸ್ಪೀಕರ್ ಹಾಕಿದಳು.

"ಕೂಡ್ರಿ ಕಾಕಾ. ನಿಮ್ಮ ಕಿವೀಲೆ ಕೇಳ್ರಿ."

ಮೊದಲು ಬಾಗೇವಾಡಿಗೆ. ನೀಲಗಂಗಾ ಅಶ್ಫಾಕನನ್ನೇ ಫೋನಿಗೆ ಕೂಡಿಸಿದಳು.

"ಅಶ್ಫಾಕಣ್ಣಾರ, ನಾ ಸಿಂದಗಿಯಿಂದ ನೀಲಗಂಗಾನ ವೈನಿ. ಇವತ್ತ ಮಳಿ ಇಲ್ಲ ಅಂತ ನಿಮ್ಮ ಯಂತ್ರ ಹೇಳೇತಿ, ಹೌದಲ್ರಿ?"



"ಖರೆ ಹೇಳ್ಬೇಕಂದ್ರ ಅಕ್ಕಾರ, ಯಂತ್ರ ಹಂಗ ಹೇಳಿಲ್ಲ. ಒತ್ತಡ ಇಳದಿತ್ತು. ಮಂಗಳಾರ ಮಧ್ಯಾಹ್ನ ಗುಡುಗಿನ ಮಳಿ ಅಂತ ಬರದೂ ಇಟ್ಟಿದ್ದೆ. ಅಷ್ಟರಾಗ ಮುದ್ದೇಬಿಹಾಳದ ಅಯ್ಯಾರು ಇಲ್ಲ ಅಂದಾರಂತ ತಿಳೀತು. ಅವ್ರು ಮೂವತ್ತು ವರ್ಷದಿಂದ ನೋಡಾಕತ್ತಾರ. ನನ್ನ ಯಂತ್ರ ತಂದು ಮೂರ ವರ್ಷ ಆತು. ಅದರ ಮ್ಯಾಲ ಒಂದು ಪಾರಿವಾಳ ಬ್ಯಾರೆ ಕೂಡತೈತಿ. ನಾ ಒಬ್ಬನ ಯಾಕ ಅಡ್ಡ ಹೇಳ್ಲಿ ಅಂತ ಅಳಿಸಿಬಿಟ್ಟೆ."

ಮಾಳಿಂಗ ಬೀಡಿ ತೆಗೆದು, ಕುರಡಗಿ ನೋಡಿ, ಮತ್ತೆ ಕಿಸೆಗೆ ಹಾಕಿಕೊಂಡ.

ಸುವರ್ಣಾ ಮುದ್ದೇಬಿಹಾಳಕ್ಕೆ ಹಚ್ಚಿದಳು. ದಾನಮ್ಮ ಫೋನು ಹಿಡಿದುಕೊಂಡೇ ಮೂರು ಮನೆ ದಾಟಿ ಹೋಗಿ ಅಯ್ಯನವರ ಕೈಗೆ ಕೊಟ್ಟಳು. ಅಯ್ಯನವರ ದನಿ ಊಟ ಮುಗಿಸಿ ಒರಗಿದವರದು.

"ಅಯ್ಯಾರ, ಪಂಚಾಂಗದಾಗ ಇವತ್ತ ಮಳಿ ಇಲ್ಲಲ್ರಿ?"

"ಪಂಚಾಂಗದಾಗ ಐತೆವಾ."

"ಐತಿ?"

"ಮಳಿ ಯೋಗ ಬರದೈತಿ. ದಾನಮ್ಮ ಬಂದು, ಇಂಡಿ ಕಡಿ ವಿಜ್ಞಾನದವ್ರು ಇಲ್ಲ ಅಂದಾರ ಅಯ್ಯಾರ, ನೀವೇನಂತೀರಿ ಅಂತ ಕೇಳಿದ್ಲು. ನಾ ಏನನ್ಲಿ? ಹೋದ ವರ್ಷ ನಾ ಗ್ರಹಣದ ಹೊತ್ತಿನ್ಯಾಗ ಹತ್ತು ನಿಮಿಷ ತಪ್ಪಿದ್ದಕ್ಕ ಈ ಓಣಿ ಹುಡುಗ್ರು ಇವತ್ತಿಗೂ ನನಗ ಟೈಮ್ ಎಷ್ಟರಿ ಅಂತ ಕೇಳ್ತಾರ. ವಿಜ್ಞಾನದವ್ರು ಸ್ಪಷ್ಟ ಹೇಳಿದ ಮ್ಯಾಲ ನಾ ಯಾಕ ಬಾಯಿ ಹಾಕ್ಲಿ ಅಂತ, ಇಲ್ಲವಾ ಅಂದೆ."

ಯಂತ್ರದವನು ಪಂಚಾಂಗ ನೋಡಿ ಸುಮ್ಮನಾಗಿದ್ದ. ಪಂಚಾಂಗದವರು ವಿಜ್ಞಾನ ನೋಡಿ ಸುಮ್ಮನಾಗಿದ್ದರು. ಈಗ ಫೋನು ಇಟ್ಟುಬಿಡುವುದು ಒಳ್ಳೆಯದು ಎಂದು ಒಳಗೆ ಯಾರೋ ಹೇಳಿದರು. ಆದರೆ ಮಾಳಿಂಗ ಗದ್ದಕ್ಕೆ ಕೈ ಕೊಟ್ಟು, ಟಿ.ವಿ. ನೋಡುವವರಂತೆ ಫೋನನ್ನೇ ನೋಡುತ್ತಿದ್ದ. ಅತ್ತೆಯೂ ಹತ್ತಿರ ಸರಿದಿದ್ದಳು. "ಇಂಡಿಗೆ ಹಚ್ಚು" ಎಂದಳು ಅತ್ತೆ.

"ಕಾವೇರಿ ಅಕ್ಕಾರ, ಮಳಿ ಇಲ್ಲ ಅಂತ ಇಂಡ್ಯಾಗ ಯಾರ್ರಿ ಹೇಳಿದ್ದು?"

"ಅಯ್ಯ, ಎಲ್ಲಾರೂ ಹೇಳ್ಯಾರಲ್ಲ. ಗುಂಪಿನಾಗ ನೂರಾ ನಲವತ್ತು ಮಂದಿ."

"ಮೊದಲ ಯಾರು?"

"ಮೊದಲ ನಮ್ಮನಿಯವ್ರ ಹಾಕಿದ್ರು."

"ಅವ್ರಿಗೆ ಯಾರು ಹೇಳಿದ್ರು?"

"ನಾನ ಹೇಳಿದ್ನಿ."

"ನಿಮಗ?"

"ನನಗ ಅವ್ವ ಹೇಳಿದ್ಲು. ಸಿಂದಗ್ಯಾಗ ದೊಡ್ಡ ವಿಜ್ಞಾನದವ್ರು ಹೇಳ್ಯಾರಂತ. ಅವ್ವನ್ನ ಕೇಳು, ಯಾರಂತ."

ಸುವರ್ಣಾ ಫೋನು ಇಟ್ಟಳು. ಮಾಳಿಂಗ ಸಿದ್ದಲಿಂಗವ್ವನ ಕಡೆ ತಿರುಗಿದ. ಸಿದ್ದಲಿಂಗವ್ವ ಪ್ಲಾಸ್ಟರಿನ ಕೈಯನ್ನು ನಿಧಾನ ಎತ್ತಿ, ಅದರ ತುದಿಯಲ್ಲಿ ಹೊರಗಿದ್ದ ಬೆರಳುಗಳಿಂದ ಸೊಸೆಯನ್ನು ತೋರಿಸಿದಳು.

"ಸಿಂದಗಿ ದೊಡ್ಡ ವಿಜ್ಞಾನದವ್ರು ಇವ್ರ ನೋಡಪಾ."

ನಾಲ್ಕು ಊರು ಸುತ್ತಿ, ಪಂಚಾಂಗ ಹೊದ್ದು, ಯಂತ್ರ ಹತ್ತಿ, ನೂರಾ ನಲವತ್ತು ದ್ರಾಕ್ಷಿಯವರ ಕೈ ಹಿಡಿದು, ಬಸ್ಸಿನಲ್ಲಿ ಕೂತು ತನ್ನ ಮಾತೇ ತನ್ನ ಮನೆಗೆ ಬಂದಿತ್ತು. ತಾನು ಅದನ್ನು ಗುರುತು ಹಿಡಿಯದೆ ಮಣೆ ಹಾಕಿ ಕೂಡಿಸಿ ರೊಟ್ಟಿ ತಿಂದಿದ್ದಳು.

"ನಿನಗ ಯಾರ ಹೇಳಿದ್ರು?" ಅತ್ತೆ ಕೇಳಿದಳು.

"ಯಾರೂ ಹೇಳಿದ್ದಿಲ್ರಿ ಅತ್ಯಾರ. ನನಗ ಇವತ್ತ ಒಂದ ದಿನ ರಜಾ ಇತ್ತು."

ಸಿದ್ದಲಿಂಗವ್ವ ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಪಶ್ಚಿಮದಿಂದ ಗಾಳಿ ಬಂತು. ಧೂಳು ಎದ್ದಿತು. ಹೊಳೆಯುತ್ತಿದ್ದ ಪರಾತದ ಅಂಚಿಗೆ ಯಾರೋ ಮಸಿ ಬಳಿದಂತಾಗಿ, ನೋಡನೋಡುತ್ತ ಅರ್ಧ ಆಕಾಶ ಕಪ್ಪಾಯಿತು. ಮೊದಲ ಹನಿ ಸುವರ್ಣಾಳ ಫೋನಿನ ಮೇಲೇ ಬಿತ್ತು.

ಅವಳು ಸೀರೆಯ ತುದಿ ಹಿಡಿದು ಎತ್ತಲು ಹೋದಳು. "ಎತ್ತಬ್ಯಾಡ," ಅತ್ತೆ ಕೂಗಿದಳು. "ಒಳಗಿನ್ನೂ ಹಸೀ ಅದಾವ, ಮಡಚಿದ್ರ ಎಲ್ಲಾ ಕೂಡಿ ಒಂದ ಉಂಡಿ ಆಗ್ತೈತಿ." ಎತ್ತುವಂತಿಲ್ಲ, ಬಿಡುವಂತಿಲ್ಲ. ಮೇಲೆ ಏನಾದರೂ ಹೊದಿಸಿದರೆ ಸುರುಳಿಗಳು ಅಪ್ಪಚ್ಚಿ. ಸುವರ್ಣಾ ನಡುವೆ ನಿಂತು ಎರಡೂ ಕೈ ಚಾಚಿದಳು, ತಾನೇ ಛತ್ರಿಯಾಗುತ್ತೇನೆ ಎಂಬಂತೆ. ಮೂವರು ನಾದಿನಿಯರು ಒಟ್ಟಿಗೆ 'ಪಾಪ' ಅನ್ನುವುದು ಆಗಲೇ ಕಿವಿಯಲ್ಲಿ ಕೇಳುತ್ತಿತ್ತು.

ಮಾಳಿಂಗ ಮಾಳಿಗೆಯ ಅಂಚಿಗೆ ಹೋಗಿ ಹೊಲದ ಕಡೆ ಬಾಯಿಗೆ ಕೈ ಹಿಡಿದು ಕೂಗಿದ. "ಲಕ್ಕೀ, ದೊಡ್ಡ ಕಂಬಳಿ."

ಅವನ ಹೆಂಡತಿ ಲಕ್ಕವ್ವ ಆಗಲೇ ಹೊರಟಿದ್ದಳು. ಅವಳೂ ಕುರಿ ನೋಡಿದ್ದಳು, ಮಾಳಿಗೆಯ ಮೇಲಿನ ಬಿಳುಪೂ ನೋಡಿದ್ದಳು. ಮೂರು ಕರಿ ಕಂಬಳಿ ಜೋಡಿಸಿ ಹೊಲಿದ, ಗಂಡಹೆಂಡತಿ ಮಳೆಗಾಲದಲ್ಲಿ ಗುಡಾರ ಹಾಕುವ ಕಂಬಳಿಯನ್ನು ಹೆಗಲ ಮೇಲೆ ಹೊತ್ತು ಎರಡೆರಡು ಮೆಟ್ಟಿಲು ಹಾರಿ ಬಂದಳು. ಸುವರ್ಣಾ ಎರಡೂ ಸೀರೆಗಳನ್ನು ಮೆಲ್ಲಗೆ ಎಳೆದು ಒತ್ತಾಗಿ ಸೇರಿಸಿದಳು. ನಾಲ್ವರೂ ನಾಲ್ಕು ಮೂಲೆ ಹಿಡಿದು ಕಂಬಳಿಯನ್ನು ತಲೆಯ ಮೇಲಕ್ಕೆ ಎತ್ತಿದರು. ಸಿದ್ದಲಿಂಗವ್ವ ತನ್ನ ಮೂಲೆಯನ್ನು ಎಡಗೈಯಿಂದ ಹಿಡಿದು ಪ್ಲಾಸ್ಟರಿನ ಕೈಯನ್ನು ಕಂಬದಂತೆ ಕೆಳಗೆ ಆನಿಸಿದಳು. ಮಗಳು ಕಂಬಳಿಯ ಕೆಳಗೆ ನುಸುಳಿ, ಕುರಡಗಿಗಳ ಪಕ್ಕ ಕೂತು, ಒಂದನ್ನು ಕಿತ್ತು ತಿಂದಳು.

ಮಳೆ ಸುರಿಯಿತು. ಒಮ್ಮತದಿಂದ ಇಲ್ಲವೆಂದು ಹೇಳಲಾಗಿದ್ದ ಮಳೆ ಅರ್ಧ ತಾಸು ಬಿಡದೆ ಸುರಿಯಿತು. ಕಂಬಳಿಯ ಮೇಲೆ ಬಿದ್ದ ನೀರು ಒಳಗಿಳಿಯದೆ ಅಂಚಿನಿಂದ ಜಾರಿ ನಾಲ್ವರ ಕುತ್ತಿಗೆಗೆ ಇಳಿಯಿತು.

"ಅಕ್ಕೋರ, ಕೈ ಇಳಿಸಬ್ಯಾಡ್ರಿ, ನಡುವ ಕೆರಿ ಆಗ್ತೈತಿ," ಎಂದಳು ಲಕ್ಕವ್ವ.

"ಕೈ ಬಿದ್ದ ಹೋಗಾಕತ್ತಾವ ಲಕ್ಕವ್ವ."

"ಮುಂಜಾನಿ ಹಾಲು ತಿರುವಿದ ಕೈ ಅಲ್ಲೇನ್ರಿ, ತಡೀತಾವ."

ಸಿದ್ದಲಿಂಗವ್ವ ತನ್ನ ಮೂಲೆಯಿಂದ ಕೇಳಿದಳು, "ರಜಾ ಒಂದ ದಿನ ಐತಿ ಅಂತ ಹೇಳಿದ್ರ ನಾ ಏನು ನಿನ್ನ ನುಂಗತಿದ್ನೇನು?"

"ನೀವು ನುಂಗತಿದ್ದಿಲ್ರಿ. ಕಾವೇರಿ ಅಕ್ಕಾರು ನುಂಗತಿದ್ರು."

"ಅದಂತೂ ಖರೆ."

"ನೀವರೆ ಯಾಕ್ರಿ ನನ್ನ ಹೆಸರ ಹೇಳಲಿಲ್ಲ, ಫೋನ್ ಮಾಡಿದಾಗ?"

"ನೀ ಹೇಳಿದ್ದಂದ್ರ ಅಕಿ ನಂಬತಿದ್ದಿಲ್ಲ."

ಮಾಳಿಂಗ ಮೂಗಿನ ತುದಿಯ ನೀರನ್ನು ಭುಜಕ್ಕೆ ಒರೆಸಿಕೊಂಡ. "ನಂಬದಿದ್ರ ಚೊಲೋ ಆಗ್ತಿತ್ತಲ್ರಿ ಅವ್ವಾರ." ನಾಲ್ವರೂ ನಕ್ಕರು. ಕಂಬಳಿ ಅಲುಗಾಡಿ ಎಲ್ಲರ ಮೇಲೂ ಇನ್ನೊಂದು ಕೊಡ ನೀರು ಬಿತ್ತು.

"ಕಾಕಾ," ಸುವರ್ಣಾ ಕೇಳಿದಳು, "ಕುರಿ ಯಾವಾಗರೆ ತಪ್ಪತಾವೇನು?"

"ಹೂಂ, ತಪ್ಪತಾವ್ರಿ. ಹೋದ ತಿಂಗಳ ಎರಡ ಸಲ ತಪ್ಪಿದ್ವು. ಆದ್ರ ಅವು ಅಯ್ಯಾರನ್ನ ಕೇಳಿ ತಪ್ಪೂದಿಲ್ಲ, ತಾವ ತಪ್ಪತಾವ."

ಅಷ್ಟರಲ್ಲಿ ಸಿದ್ದಲಿಂಗವ್ವನ ಸೊಂಟದ ಚೀಲದಲ್ಲಿ ಫೋನು ಬಡಿದುಕೊಂಡಿತು. ಕೈ ಖಾಲಿ ಇದ್ದವಳು ಕಂಬಳಿಯ ಕೆಳಗಿದ್ದ ಮೊಮ್ಮಗಳು ಒಬ್ಬಳೇ. ಅವಳು ಫೋನು ತೆಗೆದು, ಒತ್ತಿ, ಸ್ಪೀಕರ್ ಹಾಕಿ ಅಜ್ಜಿಯ ಕಡೆ ಎತ್ತಿ ಹಿಡಿದಳು. ಕಾವೇರಿಯ ದನಿ ಎಲ್ಲರಿಗೂ ಕೇಳಿತು.

"ಅವ್ವಾ, ಇಲ್ಲಿ ಮುಗಲ ಕರ್ರಗ ಆಗೇತಿ. ಇವ್ರು ಶೆಡ್ಡಿಗೆ ಪರದೆ ಕಟ್ಟಸಾಕತ್ತಾರ. ಅಲ್ಲಿ ಏನೈತಿ? ಕುರಡಗಿ ಹ್ವಾದ್ವೇನು? ಪಾಪ, ಸುವರ್ಣಾಗ ಆಗೂದಿಲ್ಲಂತ ನಾ ಮೊದಲ ಹೇಳಿದ್ನಿಲ್ಲೋ."

ಸಿದ್ದಲಿಂಗವ್ವನ ಹುಬ್ಬಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ಲಾಸ್ಟರು ನೆನೆದು ರೊಟ್ಟಿ ಹಿಟ್ಟಿನಂತಾಗಿತ್ತು. ಅವಳು ಎದುರು ಮೂಲೆಯಲ್ಲಿ ಕಂಬಳಿ ಎತ್ತಿ ನಿಂತ ಸೊಸೆಯನ್ನು ಒಮ್ಮೆ ನೋಡಿದಳು.

"ಮಳಿ? ಎಲ್ಲೈತವಾ ಮಳಿ? ಇಲ್ಲಿ ಖಡಕ್ ಬಿಸಲು."

"ಏನೋ ಸುರಿದಂಗ ಕೇಳತೈತಿ?"

"ಸುವರ್ಣಾ ಬಚ್ಚಲಾ ತೊಳಿಯಾಕತ್ತಾಳ. ಇಡು."

ಸುವರ್ಣಾಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮಳೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಆದರೆ ಭಯವೂ ಆಯಿತು. "ಅತ್ಯಾರ, ಈಗ ಇದು ಮತ್ತ ನಾಕ ಊರು ತಿರುಗಿ ಬರ್ತೈತ್ರಿ."

"ಬರಲಿ. ಈ ಸಲ ಅದರ ಮಾರಿ ನಮಗ ಗುರ್ತೈತಲ್ಲ."

ನಾಲ್ಕು ಗಂಟೆಗೆ ಬಿಸಿಲು ಬಿತ್ತು. ಎರಡು ದಿನ ಸಿದ್ದಲಿಂಗವ್ವ ಹೊಸ ಪ್ಲಾಸ್ಟರು ಹಾಕಿಸಿಕೊಂಡು ಕಾವಲು ಕೂತಳು, ಸುವರ್ಣಾ ದಿನಾ ವಿಜಯಪುರಕ್ಕೆ ಹೋಗಿ ಉತ್ತರಪತ್ರಿಕೆ ತಿದ್ದಿ ಬಂದಳು. ಒಂದೇ ಬೆಂಚಿನಿಂದ ಬಂದಂತಿದ್ದ ನಾಲ್ಕು ಪತ್ರಿಕೆಗಳಲ್ಲಿ ಒಂದೇ ತಪ್ಪು ಉತ್ತರ ಕಂಡಾಗ ಅವಳು ಪೆನ್ನು ಕೆಳಗಿಟ್ಟು ಒಬ್ಬಳೇ ನಕ್ಕಳಂತೆ. ಪಕ್ಕದ ಶಿಕ್ಷಕಿ ಬಿಸಿಲು ತಲೆಗೇರಿದೆ ಎಂದು ನೀರು ಕೊಟ್ಟಳಂತೆ.

ಕುರಡಗಿಗಳು ಒಣಗಿ ಖಣಖಣ ಎಂದವು. ಒಂದು ಮೂಲೆಯವು ಮಾತ್ರ ಕೂಡಿಕೊಂಡು ಒಂದು ದೊಡ್ಡ ತಾಟಿನಷ್ಟಾಗಿದ್ದವು. ಮತ್ತು ಹತ್ತಿರ ಹಿಡಿದು ನೋಡಿದರೆ ಅಲ್ಲಲ್ಲಿ ಕಂಬಳಿಯ ಕರಿ ಕೂದಲು. ಸುವರ್ಣಾ ಅರ್ಧ ರಾತ್ರಿ ಕೂತು ಆರಿಸಿದಳು. ಎಷ್ಟು ಆರಿಸಿದರೂ ಉಳಿದವು. ಡಬ್ಬಿ ತುಂಬುವಾಗ ಸಿದ್ದಲಿಂಗವ್ವ ಹೇಳಿದಳು, ಕೇಳಿದರೆ ಜೀರಿಗೆ ಅನ್ನು ಎಂದು.

"ಬ್ಯಾಡ್ರಿ ಅತ್ಯಾರ," ಎಂದಳು ಸುವರ್ಣಾ. ಒಂದೊಂದು ಡಬ್ಬಿಯಲ್ಲೂ ಒಂದೊಂದು ಚೀಟಿ ಇಟ್ಟಳು. "ಮಳಿ ಬಂದಿತ್ತು. ಮಳಿ ಇಲ್ಲ ಅಂತ ಹೇಳಿದವಳು ನಾನೇ, ಯಾರನ್ನೂ ಕೇಳದೆ ಹೇಳಿದ್ದು. ಮಾಳಿಂಗ ಕಾಕಾನ ಕಂಬಳಿ ಹಿಡಿದು ಉಳಿಸಿದೆವು. ಕೂದಲಿದ್ದರೆ ತೆಗೆದು ತಿನ್ನಿರಿ." ಸಂಗಮೇಶ ಡಬ್ಬಿಗಳನ್ನು ಮೂರು ಊರಿನ ಬಸ್ಸುಗಳಿಗೆ ಹಾಕಿ ಕಳಿಸಿದ.

ಎರಡು ದಿನ ಎಲ್ಲಿಂದಲೂ ಫೋನಿಲ್ಲ.

ಮೂರನೆಯ ದಿನ ದಾನಮ್ಮ ಮಾಡಿದಳು. ಅಯ್ಯನವರಿಗೆ ಪ್ರಸಾದವೆಂದು ಎರಡು ಕರಿದು ಕೊಟ್ಟಿದ್ದಳಂತೆ. ಕೂದಲು ನೋಡಿ, ಕಂಬಳಿಯ ಎಳೆ ಮನೆಗೆ ಬರುವುದು ಶುಭ ಎಂದರಂತೆ. ನೀಲಗಂಗಾ ಮಾಡಿದ ಫೋನಿನಲ್ಲಿ, ಅಶ್ಫಾಕ ಇನ್ನು ಮೇಲೆ ಯಾರು ಏನೇ ಹೇಳಿದರೂ ಯಂತ್ರ ಹೇಳಿದ್ದನ್ನೇ ಹಾಕುತ್ತೇನೆ ಎಂದಿದ್ದಾನೆ, ಪಾರಿವಾಳಕ್ಕೆ ಬೇರೆ ಕಡೆ ಜಾಗ ಮಾಡಿಕೊಟ್ಟಿದ್ದಾನೆ ಎಂಬ ಸುದ್ದಿ. ಕೊನೆಗೆ ಕಾವೇರಿ. ಸುವರ್ಣಾಳೇ ಎತ್ತಿದಳು.

"ಆ ತಾಟಿನಷ್ಟು ದೊಡ್ಡದೊಂದ ಕಳಿಸಿಯಲ್ಲ, ಅದನ್ನ ಯಾವ ಬಾಣಲ್ಯಾಗ ಕರೀಬೇಕು?"

"ಮುರದ ಹಾಕ್ರಿ, ಅಕ್ಕಾರ."

"ಮುರದ ಹಾಕಿದ್ನಿ." ಆಮೇಲೆ ಹಲ್ಲು ಕೀಳಿಸಿಕೊಳ್ಳುವವಳಂತೆ ಹೇಳಿದಳು: "ಚೊಲೋ ಅರಳಿದ್ವು."

ಅಂದು ಸಂಜೆ ಮನೆಯಲ್ಲೂ ಕರಿದರು. ಮಾಳಿಂಗನೂ ಲಕ್ಕವ್ವನೂ ಪಡಸಾಲೆಯಲ್ಲಿ ಚಹಾ ಹಿಡಿದು ಕೂತಿದ್ದರು. ಮರುದಿನ ಕುರಿ ಹೊಡೆದುಕೊಂಡು ಆಲಮೇಲದ ಕಡೆ ಹೊರಡುವವರು. ಸಿದ್ದಲಿಂಗವ್ವ ಒಂದು ಕುರಡಗಿ ಕಡಿದು, ಅಗಿದು, ನಿಂತು, ಬಾಯಿಯಿಂದ ಒಂದು ಕರಿ ಕೂದಲನ್ನು ಎಳೆದಳು. ಎಳೆದಳು, ಇನ್ನೂ ಎಳೆದಳು. ಕೊನೆಗೂ ಹೊರಬಂದ ಅದನ್ನು ದೀಪಕ್ಕೆ ಹಿಡಿದಳು.

"ಕಂಬಳೀದ್ರಿ ಅತ್ಯಾರ," ಎಂದಳು ಸುವರ್ಣಾ.

"ಹೌದಬೇ, ಕಂಬಳೀದ," ಎಂದ ಸಂಗಮೇಶ, ತಟ್ಟೆಯಿಂದ ತಲೆ ಎತ್ತದೆ.

"ಕಂಬಳೀದ," ಎಂದಳು ಮಗಳೂ.

ಮಾಳಿಂಗ ಎದ್ದು ಬಂದು ಕಣ್ಣು ಕಿರಿದು ಮಾಡಿ ನೋಡಿದ, 'ಕಂಬಳೀದ' ಎನ್ನದೆ ಹೋಗಿ ಚಹಾ ಎತ್ತಿಕೊಂಡ. ಸಿದ್ದಲಿಂಗವ್ವ ಕೂದಲಿನ ಒಂದು ತುದಿಯನ್ನು ಸೊಸೆಯ ಹೆಗಲಿಗೆ ಹಚ್ಚಿ ಜಡೆಯ ಪಕ್ಕ ಇಳಿಬಿಟ್ಟಳು. ಅದು ಸೊಂಟ ಮುಟ್ಟಿತು.

"ಇಷ್ಟುದ್ದದ ಕುರಿ," ಎಂದಳು, "ನಾ ಈ ಮನ್ಯಾಗ ಒಂದ ನೋಡೇನಿ."